ಗಾಜಿನ ಹಿಂದಿನ ಗದರಮ್ಮ

ಆಸ್ಪತ್ರೆಗೆ ಬಂದವರೆಲ್ಲ ಸೇರಿ ಅವಳಿಗೆ ಗದರಮ್ಮ ಎಂದು ಹೆಸರಿಟ್ಟಿದ್ದರು. ವಿಚಾರಣೆ ಕೌಂಟರಿನ ಗಾಜಿನ ಹಿಂದೆ ಕೂತು, ಎಕ್ಸ್‌ರೇ ಎಲ್ಲಿ, ಮೂಳೆ ಡಾಕ್ಟರು ಯಾವ ರೂಮಿನಲ್ಲಿ ಎಂದು ದಾರಿ ಹೇಳುವುದು ಅವಳ ಕೆಲಸ. ಹೇಳುತ್ತಿದ್ದದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು. ಆದರೆ ಕೇಳಿದವರು ಬೈಸಿಕೊಂಡವರ ಹಾಗೆ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ನೋಡಿದರೆ ಇದೇ ಹೆಂಗಸು ಗೊರಕೆ ಹೊಡೆಯುವ ಗಂಡನನ್ನು ಎಬ್ಬಿಸಲೂ ಹಿಂದೆಮುಂದೆ ನೋಡುವವಳು. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ದೂರುಗಳು ಹೆಚ್ಚಾದವು. ಸೂಪರಿಂಟೆಂಡೆಂಟರು ಕರೆಸಿ, "ನೋಡಮ್ಮ, ಇನ್ನೊಂದು ದೂರು ಬಂದ್ರೆ ನಿನ್ನನ್ನ ಕೆಳಗಡೆ ಸ್ಟೋರಿಗೆ ಹಾಕ್ತೀನಿ. ಅಲ್ಲಿ ಬೆಡ್‌ಶೀಟ್‌ಗಳ ಮೇಲೆ ಎಷ್ಟು ಬೇಕಾದ್ರೂ ಕಿರುಚ್ಕೋ" ಎಂದರು. ನಾಲ್ಕು ಜನರ ನಡುವೆ ಇರದಿದ್ದರೆ ಅವಳಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಅವತ್ತಿನಿಂದ ಪ್ರತಿ ಮಾತಿಗೂ ಒಂದು "ದಯವಿಟ್ಟು" ಸೇರಿಸಿದಳು. "ದಯವಿಟ್ಟು ಎಡಕ್ಕೆ ಹೋಗಿ!" ಎಂದು ಗಾಜಿನೊಳಗಿಂದ ಕೂಗಿದರೆ ಜನ ಮೊದಲಿಗಿಂತ ಹೆಚ್ಚು ಬೆಚ್ಚಿಬೀಳುತ್ತಿದ್ದರು.

ಆಗ ಬಂದಳು ಅಕ್ಕ. ಕಣ್ಣು ತೋರಿಸಲು ಬಂದವಳು, ತಂಗಿ ಕೂತಿರುವ ಜಾಗ ನೋಡೋಣವೆಂದು ಹೇಳದೆ ಕೇಳದೆ ಸಾಲಿನಲ್ಲಿ ನಿಂತಳು. ಚಿಕ್ಕಂದಿನಲ್ಲಿ ಈ ತಂಗಿಯನ್ನು ಕಿವಿ ಹಿಂಡಿ ಬೆಳೆಸಿದ ಗಟ್ಟಿಗಿತ್ತಿ ಅವಳು. ಸರದಿ ಬಂದಾಗ ಗಾಜಿನ ಕೆಳಗಿನ ಕಿಂಡಿಗೆ ಬಗ್ಗಿ, "ಕಣ್ಣಿನ ಡಾಕ್ಟರು..." ಎಂದಳು.

"ಜೋರಾಗಿ ಹೇಳಿ! ಏನ್ ಬೇಕು?"

"ಏನಿಲ್ಲಮ್ಮ, ತಪ್ಪಾಯ್ತು" ಎಂದು ಅಕ್ಕ ಹಿಂದೆ ಸರಿದಳು.

ಆ ದನಿ ಕೇಳಿದ್ದೇ ತಡ, ಗದರಮ್ಮ ಕುರ್ಚಿ ಬಿಟ್ಟು ಹೊರಗೆ ಓಡಿಬಂದಳು. "ಅಕ್ಕಾ! ನೀನು ನನ್ನ ಹತ್ರ ತಪ್ಪಾಯ್ತು ಅನ್ನೋದಾ?"

"ಒಳಗಿರೋಳು ನೀನೇ ಅಂತ ಗೊತ್ತಿದ್ರೂ ಹೆದರಿಕೆ ಆಯ್ತು ಕಣೆ. ಬಗ್ಗಿದ ಕೂಡ್ಲೇ ಏನೋ ತಪ್ಪು ಮಾಡಿ ಸಿಕ್ಕಿಹಾಕ್ಕೊಂಡ ಹಾಗನ್ನಿಸ್ತು. ಬೇಕಾದ್ರೆ ನೀನೂ ಒಂದ್ಸಲ ಬಗ್ಗಿ ನೋಡು."

ಊಟದ ಬಿಡುವಿನಲ್ಲಿ ಅಟೆಂಡರನ್ನು ತನ್ನ ಜಾಗದಲ್ಲಿ ಕೂರಿಸಿ ಅವಳು ಸಾಲಿನ ಕಡೆಯಿಂದ ಬಂದಳು. ಗಾಜಿನ ತುಂಬ ಚೀಟಿಗಳು. ಗಲಾಟೆ ಮಾಡಬೇಡಿ. ಒರಗಬೇಡಿ. ಕೇಳಿದ್ದನ್ನೇ ಕೇಳಬೇಡಿ. ಅರ್ಧಕ್ಕರ್ಧ ಅವಳೇ ಅಂಟಿಸಿದ್ದು. ಒಳಗಿನಿಂದ ಇಷ್ಟು ದಿನ ಕಂಡಿದ್ದು ಅವುಗಳ ಖಾಲಿ ಬೆನ್ನು ಮಾತ್ರ. ಬಗ್ಗಿದಳು. ಕಿಂಡಿಯಲ್ಲಿ ಎರಡು ಕೈ ಕಂಡವು, ಮುಖವಿಲ್ಲ. "ಏನ್ ಬೇಕು?" ಎಂದಿತು ಒಳಗಿನ ದನಿ. ದಿನವೂ ಅವಳಿಗೆ ಟೀ ತಂದುಕೊಡುವ, ಇರುವೆಯನ್ನೂ ನೋಯಿಸದ ಮನುಷ್ಯ ಅವನು! ಗಾಜು ಅವನನ್ನೂ ಪೊಲೀಸನನ್ನಾಗಿ ಮಾಡಿತ್ತು. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು. ಪಾಪ, ಕಾಯಿಲೆ ಹೊತ್ತು ಬಂದವರನ್ನು ಎಷ್ಟು ವರ್ಷ ಹೀಗೆ ಬಗ್ಗಿಸಿದೆನಲ್ಲ!

ಗಾಜು ತೆಗೆಸಿ ಎಂದರೆ ಸೂಪರಿಂಟೆಂಡೆಂಟರು ಒಪ್ಪಲಿಲ್ಲ. ಮರುದಿನ ಅವಳು ಯಾರನ್ನೂ ಕೇಳಲು ಹೋಗದೆ, ಅಟೆಂಡರನ ಜೊತೆ ಸೇರಿ ಮೇಜನ್ನು ಎಳೆದು ಹಜಾರದ ಕಂಬದ ಪಕ್ಕ ಹಾಕಿದಳು. ಬರುವವರ ಕುರ್ಚಿಯನ್ನು ಎದುರಿಗಿಡದೆ ಮೇಜಿನ ಮೂಲೆಗೆ, ತನ್ನ ಮಗ್ಗುಲಿಗೆ ಇಟ್ಟಳು. ಒಂದು ಚೀಟಿಯನ್ನೂ ಅಂಟಿಸಲಿಲ್ಲ. ಆದರೆ ಗಂಟಲಿನ ಅಭ್ಯಾಸ ಬಿಡಬೇಕಲ್ಲ! "ಏನ್ ಬೇಕು!" ಎಂದ ರಭಸಕ್ಕೆ ಮೊದಲು ಬಂದ ಅಜ್ಜ ಕೂತಲ್ಲಿಂದ ಎದ್ದೇಬಿಟ್ಟ. "ಕೂತ್ಕೊಳ್ಳಿ ಅಜ್ಜ, ಬೈದಿದ್ದಲ್ಲ" ಎಂದು ಕೈ ಹಿಡಿದು ಕೂರಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ದನಿ ತಾನಾಗಿ ಇಳಿಯಿತು.

ಸುದ್ದಿ ಮುಟ್ಟಿತು. ಸೂಪರಿಂಟೆಂಡೆಂಟರು ವರ್ಗಾವಣೆ ಆದೇಶ ಹಿಡಿದೇ ಬಂದರು. ಮೆಟ್ಟಿಲಿಳಿದು ಏದುಸಿರು ಬಿಡುತ್ತಿದ್ದವರು, ಖಾಲಿಯಿದ್ದ ಆ ಕುರ್ಚಿಯಲ್ಲಿ ಧೊಪ್ಪನೆ ಕೂತರು.

"ಹೇಳಿ ಸರ್" ಎಂದಳು, ಮೆಲ್ಲಗೆ.

ಅವರು ಅತ್ತಿತ್ತ ನೋಡಿ, ಅವಳ ಕಡೆ ವಾಲಿ, "ಈ ಮೊಣಕಾಲು... ಮೆಟ್ಟಿಲು ಇಳಿಯೋಕೇ ಆಗ್ತಿಲ್ಲಮ್ಮ. ಮನೇಲೂ ಹೇಳಿಲ್ಲ. ಯಾರಿಗೆ ತೋರಿಸ್ಲಿ?" ಎಂದರು.

ಅವಳು ಡಾಕ್ಟರ ಹೆಸರು, ರೂಮು, ಲಿಫ್ಟ್ ಇರುವ ಕಡೆ ಎಲ್ಲ ಹೇಳಿದಳು. ಅವರು ಆದೇಶವನ್ನು ಮಡಚಿ ಜೇಬಿಗೆ ತುರುಕಿ, ಮೇಜು ಹಿಡಿದು ಎದ್ದರು.

"ಈ ಕುರ್ಚಿಗೊಂದು ದಿಂಬು ಕಳಿಸ್ತೀನಿ. ಗಟ್ಟಿಯಾಗಿದೆ."