ಕೆನಾಲ್ ದಂಡೆಯ ಅರ್ಧ ತಾಸು

ಮೂರನೆಯ ಇಂಜೆಕ್ಷನ್ನಿಗೆ ಹೋಗುವುದಿಲ್ಲ ಅಂತ ನಾನು ಒಳಗೊಳಗೇ ನಿಶ್ಚಯ ಮಾಡಿಬಿಟ್ಟಿದ್ದೆ. ಎದೆಯ ಗಡ್ಡೆ ತೆಗೆದಿದ್ದರು. ಆಮೇಲೆ ಕಲಬುರಗಿಯ ಆಸ್ಪತ್ರೆಯಲ್ಲಿ ಕ್ಯಾನ್ಸರಿನ ಔಷಧ ಎರಡು ಸಲ ನರದೊಳಗೆ ಇಳಿದಿತ್ತು. ಎರಡೂ ಸಲ ಸತ್ತೇ ಹೋಗುತ್ತೇನೆಂದು ಅಂಜಿದ್ದೆ. ಸೋಮವಾರ ಮೂರನೆಯದು. ಗಂಡನಿಗೆ ಏನು ಸುಳ್ಳು ಹೇಳಬೇಕು ಅನ್ನುವುದನ್ನೂ ಯೋಚಿಸಿ ಇಟ್ಟುಕೊಂಡಿದ್ದೆ.

ಅಲ್ಲಿಯ ನರ್ಸ್ ನನ್ನ ಮುಖ ನೋಡಿ ಹೇಳಿದ್ದಳು: "ದಿನಾ ಅರ್ಧ ತಾಸು ಸಾವಕಾಶ ನಡೀರಿ, ಟೀಚರ್. ಮೈಗೂ ಚಲೋ, ಅಂಜಿಕಿನೂ ಸ್ವಲ್ಪ ಇಳೀತದ."

ಹೇಳುವುದು ಸುಲಭ. ಶಹಾಪುರದ ನಮ್ಮ ಓಣಿಯಲ್ಲಿ ಹೆಂಗಸೊಬ್ಬಳು ಕೆಲಸವಿಲ್ಲದೆ ನಡೆದರೆ ಹತ್ತು ಬಾಗಿಲು ಕೇಳುತ್ತವೆ, "ಎಲ್ಲಿಗಿ ಹೊಂಟ್ರಿ?" ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಅಪಶಕುನ. ಶಕುನ ಗಿಕುನ ಎಲ್ಲ ಸುಳ್ಳು ಅಂತ ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಜೀವದ ಮೇಲೆ ಬಂದಾಗ ಪಾಠ ಯಾರಿಗೆ ನೆನಪಿರುತ್ತದೆ? ಯಾರಾದರೂ ಕೇಳಿದರೆ ಸಾಕು, ವಾಪಸ್ ಬಂದು ನೀರು ಕುಡಿದು ಕೂತುಬಿಡುತ್ತಿದ್ದೆ.

ಕೊನೆಗೊಂದು ಉಪಾಯ ಹೂಡಿದೆ. ಬಟ್ಟೆಯ ಗಂಟೊಂದನ್ನು ಆಪರೇಶನ್ ಆಗದ ಬಗಲಿಗಿಟ್ಟುಕೊಂಡು ಹೊರಟೆ. ಕೆನಾಲಿಗೆ ಅರಿವೆ ಒಗೆಯಲು ಹೋಗುವವಳನ್ನು ಯಾರೂ ಏನೂ ಕೇಳುವುದಿಲ್ಲ. ಒಗೆಯುವ ಬಲವಂತೂ ಇರಲಿಲ್ಲ, ಕಪಾಟಿನಿಂದ ಕೈಗೆ ಸಿಕ್ಕ ಸೀರೆಗಳನ್ನು ಕಟ್ಟಿಕೊಂಡಿದ್ದೆ. ಕೂದಲುದುರಿದ ತಲೆಯ ಮೇಲೆ ಸೆರಗಿತ್ತು. ನಮ್ಮ ಕಡೆ ಎಲ್ಲರ ತಲೆಯ ಮೇಲೂ ಇರುತ್ತದೆ.

ಆ ಶುಕ್ರವಾರ ಕೆನಾಲ್ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲೆ ನೂರು ಹೆಜ್ಜೆ ಇಟ್ಟಿರಬೇಕು, ಎದೆ ಡವಡವ ಬಡಿಯತೊಡಗಿತು. ನಡೆದದ್ದಕ್ಕೆ ಬಡಿಯುತ್ತಿದೆಯೋ, ರೋಗ ಇನ್ನೂ ಒಳಗೆ ಹೊಕ್ಕಿತೋ ತಿಳಿಯಲಿಲ್ಲ. ಇಲ್ಲೇ ಬಿದ್ದರೆ ಈ ನೀರು ನನ್ನನ್ನು ಯಾವ ಊರಿಗೆ ಒಯ್ದು ಹಾಕುತ್ತದೆ ಅಂತ ಯೋಚನೆ ಬಂತು. ನೀರಿಗಿಳಿಯುವ ಮೆಟ್ಟಿಲ ಮೇಲೆ ಕುಸಿದು ಕೂತೆ.

ಅಲ್ಲಿ ಬಟ್ಟೆ ಒಗೆಯುತ್ತಿದ್ದವಳು ನಮ್ಮ ಓಣಿಯ ಮುದುಕಿ, ಬಾಯಿ ಜೋರಿನವಳು. "ಕುಂದ್ರು, ನಾ ಒಗದು ಕೊಡ್ತೀನಿ," ಅಂತ ಬಂದು ನನ್ನ ಗಂಟು ಬಿಚ್ಚಿದಳು.

"ಹುಚ್ಚಿ, ಇಸ್ತ್ರಿ ಸೀರಿ ಯಾರರೆ ಒಗ್ಯಾಕ ತರ್ತಾರೇನ?" ಅಂದವಳು ನನ್ನ ಮುಖ ನೋಡಿ ದನಿ ಇಳಿಸಿದಳು. "ಏನಾಗ್ಯಾದವ್ವಾ ನಿನಗ?"

ನಾನು ಅತ್ತುಬಿಟ್ಟೆ. ಎಲ್ಲ ಹೇಳಿದೆ, ಗಂಡನಿಗೆ ಹೇಳದ್ದನ್ನೂ ಹೇಳಿದೆ. "ಸೋಮವಾರ ನಾ ಹೋಗಂಗಿಲ್ಲ, ಆಯಿ. ಭಾಳ ಅಂಜಿಕಿ ಬರ್ತದ."

ಏನೂ ಆಗುವುದಿಲ್ಲ, ದೇವರಿದ್ದಾನೆ ಅನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಗಂಟನ್ನು ಮತ್ತೆ ಕಟ್ಟಿ ತನ್ನ ಬಗಲಿಗಿಟ್ಟುಕೊಂಡು, ಕೈ ಹಿಡಿದು ಎಬ್ಬಿಸಿದಳು. "ನಡಿ, ಆ ಪೂಲಿನ ತನಕ. ಮೆಲ್ಲಕ."

ನಾಲ್ಕು ಸಲ ನಿಂತೆವು. ಸೇತುವೆ ಮುಟ್ಟಿದಾಗ ಆಕೆಯೂ ತೇಕುತ್ತಿದ್ದಳು. ನನ್ನ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. "ನೋಡು, ನಂದೂ ಬಡೀತದ. ನಡದ್ರ ಎಲ್ಲಾರ್ದೂ ಬಡೀತದವ್ವಾ." ನನಗೆ ಅಂಜಿಕೆ ಹೋಗಲಿಲ್ಲ. ಆದರೆ ಕೈ ತೆಗೆಯಲು ಮನಸ್ಸಾಗಲಿಲ್ಲ.

ತಿರುಗಿ ಬರುವಾಗ ಅಂದಳು, "ಸೋಮವಾರ ನಾನೂ ಬರ್ತೀನಿ. ಆದ್ರ ಬಸ್ಸಿನ್ಯಾಗ ನನಗ ವಾಂತಿ ಆಗ್ತದ. ನೀನ ಹಿಡೀಬೇಕು ನೋಡು."

ಇದು ನನ್ನನ್ನು ಬಸ್ ಹತ್ತಿಸುವ ಹಂಚಿಕೆ, ಸುಳ್ಳು, ಅಂದುಕೊಂಡೆ. ಸೋಮವಾರ ಜೇವರ್ಗಿ ದಾಟುವುದರೊಳಗೆ ಆಕೆ ಎರಡು ಸಲ ಕಾರಿಕೊಂಡಳು. ಕಣ್ಣು ಮೇಲಾಗಿದ್ದವು. ಕಲಬುರಗಿ ಹತ್ತಿರ ಬಂದ ಹಾಗೆ ಇಲ್ಲೇ ಇಳಿದು ವಾಪಸ್ ಹೋಗಿಬಿಡೋಣ ಅನ್ನಿಸತೊಡಗಿತು. ಆಕೆಯ ಹಣೆ ನನ್ನ ಕೈಯಲ್ಲೇ ಇತ್ತು, ಬಿಡುವ ಹಾಗಿರಲಿಲ್ಲ.