ಒಂಬತ್ತು ದಿನ ಹಳೆಯ ರಕ್ತ

ಮನುಷ್ಯನೆಂದರೆ ಅವನ ನೆನಪುಗಳ ಮೊತ್ತ, ಉಳಿದದ್ದೆಲ್ಲ ಬರೀ ಮೂಳೆಮಾಂಸ ಎಂದು ಬಲ್ಲವರೊಬ್ಬರು ಹೇಳಿದ್ದಾರೆ. ಯಾರು ಎಂಬುದು ನನಗೆ ನೆನಪಿಲ್ಲ.

ನನ್ನ ಹೆಂಡತಿಗೆ ಮರೆವು ಬಂದದ್ದು ವರ್ಷಗಳಲ್ಲಲ್ಲ, ವಾರಗಳಲ್ಲಿ. ಮೊದಲ ವಾರ ಪಲ್ಯಕ್ಕೆ ಚಹಾಪುಡಿ ಹಾಕಿದಳು. ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ತರನಾದ ನಾನು ಅದನ್ನು ಶಿಸ್ತಿನಿಂದ ಉಂಡೆ. ಮೂರನೆಯ ವಾರ, ಹುನಗುಂದದ ಸಂತೆಯಿಂದ ಕಾಯಿಪಲ್ಯೆ ಹೊತ್ತು ಬಂದರೆ, ಬಾಗಿಲಲ್ಲಿ ಅಡ್ಡ ನಿಂತು ಕೇಳಿದಳು:

"ಯಾರ್ರಿ ನೀವು? ಮಾಸ್ತರು ಮನ್ಯಾಗ ಇಲ್ಲ. ಆಮ್ಯಾಲ ಬರ್ರಿ."

ಕಟ್ಟೆಯ ಮೇಲೆ ಅರ್ಧ ತಾಸು ಕುಳಿತೆ. ಆಮೇಲೆ ಬಂದೆ. ನಮಗೆ ಮಕ್ಕಳಿಲ್ಲ. ಆ ಮನೆಯಲ್ಲಿ ನನ್ನ ಗುರುತು ಹೇಳಬಲ್ಲವರು ಅವಳನ್ನು ಬಿಟ್ಟು ಇನ್ನೊಬ್ಬರಿರಲಿಲ್ಲ.

ಇಳಕಲ್ಲಿನ ಡಾಕ್ಟರು ಸೋಮವಾರ ರಕ್ತ ತೆಗೆಸಿ, ಸಕ್ಕರೆ, ಥೈರಾಯ್ಡ್ ಎಲ್ಲ ಸರಿ ಇವೆ ಎಂದು ನೋಡಿ, ಶುಕ್ರವಾರ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋಗಲು ಚೀಟಿ ಬರೆದುಕೊಟ್ಟರು. ನಡುವೆ ಮೂರು ದಿನ ಸಿಕ್ಕವು. ಮೂವತ್ತು ವರ್ಷ ನಾನು ಶಾಲಾ ತಪಾಸಣೆ ಎದುರಿಸಿದವನು. ಸಾಹೇಬರು ಬರುವ ವಾರ ಗೋಡೆಗೆ ಸುಣ್ಣ ಬಳಿಸುವುದು, ಜಾಣರನ್ನು ಮುಂದಿನ ಸಾಲಿಗೆ ಕೂರಿಸುವುದು ನನ್ನ ರಕ್ತದಲ್ಲಿದೆ. ದೊಡ್ಡ ಡಾಕ್ಟರರ ಮುಂದೆ ಇವಳ ರಕ್ತ ಬಡಕಲಾಗಿ ಕಾಣಬಾರದೆಂದು ಮೂರೂ ದಿನ ಓಣಿಯ ಕಾಂಪೌಂಡರನನ್ನು ಕರೆಸಿ, ಶಕ್ತಿಗೆಂದು ನಮ್ಮ ಕಡೆ ಎಲ್ಲರೂ ಮಾಡಿಸಿಕೊಳ್ಳುವ ಕೆಂಪು ಸೂಜಿ ಮಾಡಿಸಿದೆ.

ಬಾಗಲಕೋಟೆಯಲ್ಲಿ ಅವಳನ್ನು ಸೇರಿಸಿಕೊಂಡರು. ಬಾದಾಮಿಯಿಂದ ಅವಳ ತಂಗಿ ಬಂದು ಹಾಸಿಗೆಯ ಪಕ್ಕ ಕುಳಿತಳು. ದೊಡ್ಡ ಡಾಕ್ಟರು ಒಬ್ಬ ಹೆಂಗಸು. ಆ ಡಾಕ್ಟರಬಾಯಿ ನನ್ನನ್ನು ಹೊರಗೆ ಕರೆದು ಹೇಳಿದರು:

"ಇಷ್ಟು ಲಗೂನ ಮರವು ಬಂದ್ರ, ವಾಸಿ ಆಗೂ ಕಾರಣ ಮೊದ್ಲ ಹುಡುಕತೇವ್ರಿ. ಥೈರಾಯ್ಡ್, ಸೋಡಿಯಂ, ಸೋಂಕು, ಬಿ-ಟ್ವೆಲ್ವ್ ವಿಟಮಿನ್ ಕೊರತಿ. ಒಂದೊಂದಕ್ಕ ಗೆರಿ ಎಳಕೋತ ಹೋಗ್ತೇವಿ. ಎಲ್ಲಾ ಹೋಗಿ ಕಡೀಕ ಒಂದ ಉಳೀತದ. ಮಿದುಳಿಂದು. ಅದಕ್ಕ ಔಷಧ ಇಲ್ರಿ."

ಆ ಕಡೆಯದನ್ನು ಪರೀಕ್ಷಿಸಲು ಬೆನ್ನಿನಿಂದ ನೀರು ತೆಗೆದು ಬೆಂಗಳೂರಿಗೆ ಕಳಿಸಿದರು. ಸೋಮವಾರ ರಕ್ತದ ವರದಿ ಬಂತು. ಬಿ-ಟ್ವೆಲ್ವ್ ಯಂತ್ರ ಅಳೆಯಬಲ್ಲುದಕ್ಕಿಂತ ಹೆಚ್ಚು. ನನ್ನ ಕೈಯಲ್ಲಿ ಕಲಿತ ಯಾರೂ ಅಂಥ ಅಂಕ ತೆಗೆದದ್ದಿಲ್ಲ. ಡಾಕ್ಟರಬಾಯಿ ಅದಕ್ಕೂ ಗೆರೆ ಎಳೆದರು.

ಆ ಕೆಂಪು ಸೂಜಿಯಲ್ಲಿರುವುದೇ ಬಿ-ಟ್ವೆಲ್ವ್; ಗೆರೆ ಎಳೆಸಿದವನು ನಾನೆಂದು ಆಗ ಹೊಳೆಯಿತು. ಎರಡು ದಿನ ಬಾಯಿ ಬಿಡಲಿಲ್ಲ. ಹೆಡ್‌ಮಾಸ್ತರರಿಗೆ ತಪ್ಪೊಪ್ಪಿಕೊಳ್ಳುವ ರೂಢಿ ಕಡಿಮೆ. ಬುಧವಾರ ಬೆಳಿಗ್ಗೆ ಹೋಗಿ ಹೇಳಿದೆ.

"ಎಷ್ಟು ಸೂಜಿ ಆದುವ್ರಿ?"

"ಮೂರು."

"ಯಾಕ?"

"ತಪಾಸಣೆ ಇತ್ತಲ್ರಿ."

ಅವರು ಪೆನ್ನು ಕೆಳಗಿಟ್ಟರು. "ಹಂಗಂದ್ರ ಈ ವರದಿ ಲೆಕ್ಕಕ್ಕ ಇಲ್ಲ. ಸೂಜಿಗಿಂತ ಮೊದಲಿನ ರಕ್ತ ಎಲ್ಯಾರ ಉಳದಿರಬಹುದೇನು?"

ಇಳಕಲ್ಲಿನ ಲ್ಯಾಬಿಗೆ ಫೋನು ಹಚ್ಚಿದೆವು. "ಫ್ರಿಜ್ಜಿನಾಗ ಹತ್ತ ದಿನ ಇಡತೇವ್ರಿ, ಇವತ್ತಿಗೆ ಒಂಬತ್ತು. ಲಗೂ ಬರ್ರಿ," ಎಂದರು.

ಹೊರಡುವಾಗ ನನ್ನ ಮುಖದಲ್ಲಿ ಏನು ಕಂಡಿತೋ, ಅವಳ ತಂಗಿ ತಡೆದಳು. "ಮಾಮಾ, ತಪ್ಪು ಮಾಡಿ ಇಷ್ಟು ಹಿಗ್ಗಿದವ್ರನ್ನ ನಾ ಎಲ್ಲೂ ಕಂಡಿಲ್ಲ ಬಿಡ್ರಿ."

ಖರೆ ಮಾತು. ತಪ್ಪು ನನ್ನದೇ ಆಗಿದ್ದರೆ, ಸೂಜಿ ಒಂದು ಕೊರತೆಯನ್ನು ಮುಚ್ಚಿಟ್ಟಿದ್ದರೆ, ಅವಳ ಕಾಯಿಲೆ ವಾಸಿಯಾಗುವಂಥದ್ದು. ದಡ್ಡನೆಂದು ಸಾಬೀತಾಗಲಿ ಎಂದು ಆ ವಯಸ್ಸಿನಲ್ಲಿ ಮೊದಲ ಸಲ ಬೇಡಿಕೊಂಡೆ.

ಲ್ಯಾಬಿನವರು ಬೆರಳುದ್ದದ ನಳಿಗೆಯನ್ನು ಚೀಲದಲ್ಲಿ ಸುತ್ತಿ, ನಾನು ಒಯ್ದಿದ್ದ ಚಹಾದ ಥರ್ಮಾಸಿನಲ್ಲಿ ಬರ್ಫದ ತುಂಡುಗಳ ನಡುವೆ ಇಟ್ಟುಕೊಟ್ಟರು. ತಿರುಗಿ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಹುನಗುಂದ ದಾಟಿದ ಮೇಲೆ ಕಂಡಕ್ಟರ್ ಪಕ್ಕಕ್ಕೆ ಬಂದು ನಿಂತ.

"ಯಜಮಾನ್ರ, ನೀವೊಬ್ಬರ ಕುಡಿತೀರೇನು? ನಮಗೂ ಒಂದ್ ಗುಟುಕು ಹಾಕ್ರೆಲಾ."

"ಚಹಾ ಅಲ್ಲಪಾ. ನನ್ನ ಹೆಂಡ್ತಿ ರಕ್ತ."

ಅವನು ನನ್ನ ಮುಖ ನೋಡಿದ, ಥರ್ಮಾಸ್ ನೋಡಿದ. ಬಾಗಲಕೋಟೆ ಬರುವ ತನಕ ನನ್ನ ಸೀಟಿನ ಕಡೆ ಮತ್ತೆ ಬರಲಿಲ್ಲ. ಅಮೀನಗಡದಲ್ಲಿ ಹತ್ತಿದವರನ್ನೂ ಮುಂದೆ ಮುಂದೆ ಸರಿಯಲು ಹೇಳಿದ. ಪಕ್ಕದ ಜಾಗ ಕೊನೆಯವರೆಗೂ ಖಾಲಿ ಇತ್ತು. ಬೇರೆ ದಿನಗಳಲ್ಲಿ ಆ ಜಾಗದಲ್ಲಿ ಕುಳಿತು, ಕಿಟಕಿಯ ಗಾಳಿ ಜಾಸ್ತಿಯಾಯಿತೆಂದು ನನ್ನೊಡನೆ ಜಗಳವಾಡುತ್ತಿದ್ದವಳ ರಕ್ತ ಥರ್ಮಾಸಿನಲ್ಲಿ ಬರ್ಫದ ಜೊತೆ ಸಣ್ಣಗೆ ಸದ್ದು ಮಾಡುತ್ತಿತ್ತು. ನಾನು ಕಿಟಕಿ ಮುಚ್ಚಿದೆ.

ಮರುದಿನ ಅವಳ ಕೈ ಹಿಡಿದು, "ಗುರ್ತ ಸಿಕ್ತೇನು?" ಎಂದು ಕೇಳಿದೆ. ಬಹಳ ಹೊತ್ತು ನೋಡಿ, ಮರ್ಯಾದೆಯಿಂದ, "ಊಟ ಆತೇನ್ರಿ?" ಎಂದಳು. ಆಗಿದೆ ಎಂದೆ. ಆಗಿರಲಿಲ್ಲ.

ಸಂಜೆ ವರದಿ ಬಂತು. ಒಂಬತ್ತು ದಿನ ಹಳೆಯ ಆ ರಕ್ತದಲ್ಲಿ ಬಿ-ಟ್ವೆಲ್ವ್ ಎಷ್ಟಿರಬೇಕೋ ಅಷ್ಟೇ ಇತ್ತು. ನನ್ನ ಸೂಜಿಗಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ಬೆನ್ನಿನ ನೀರಿನ ವರದಿ ಮುಂದಿನ ವಾರ ಬಂತು. ಔಷಧವಿಲ್ಲದ ಕಾಯಿಲೆಯೇ ಎಂದಿತ್ತು. ಅಲ್ಲಿಂದ ನಲವತ್ತೊಂದನೆಯ ದಿನ ಹುನಗುಂದದ ಮನೆಯಲ್ಲಿ ಅವಳು ತೀರಿಕೊಂಡಳು.