ದಿನಕ್ಕೆ ಏಳು ಸ್ನಾನದ ಕಲ್ಲೇಶ್

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುವ ವ್ಯಾನುಗಳ ಪೈಕಿ, ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಹತ್ತಲು ಹಿಂಜರಿಯುತ್ತಿದ್ದುದು ಕಲ್ಲೇಶನ ವ್ಯಾನಿಗೆ. ಅವನು ಜೋರಾಗಿ ಓಡಿಸುತ್ತಿದ್ದ ಎಂದಲ್ಲ. ವಾಂತಿ ಮಾಡಿಕೊಂಡವರನ್ನು ಇಳಿಯುವ ತನಕ ಹಂಗಿಸುತ್ತಿದ್ದ. "ಬೆಳಿಗ್ಗೆ ಕಡುಬು ತಿಂದ್ರಾ ಅಕ್ಕಾ? ಹೇಳೋದು ಬೇಡ, ಕಾಣ್ತಾ ಇದೆ" ಎನ್ನುತ್ತಿದ್ದ. ಅಂಥವನು ನಲವತ್ತೊಂದನೇ ವಯಸ್ಸಿನಲ್ಲಿ, ನಿಂತ ವ್ಯಾನಿನ ಪಕ್ಕ ಬಗ್ಗಿಕೊಂಡು ಕಾರಲು ಶುರುಮಾಡಿದಾಗ ಸ್ಟ್ಯಾಂಡಿನಲ್ಲಿ ಒಬ್ಬರಿಗೂ ಕರುಣೆ ಬರಲಿಲ್ಲ.

ಕಲ್ಲೇಶ್ ಗಾಂಜಾ ಸೇದುವುದು ಊರಿಗೆಲ್ಲ ಗೊತ್ತಿತ್ತು. ಊರಿನಲ್ಲಿ ಅದಕ್ಕೆ ಗಾಂಜಾ ಎನ್ನುವುದಿಲ್ಲ, ಸೊಪ್ಪು ಎನ್ನುತ್ತಾರೆ. ಹಾಗೆಂದರೆ ಪಲ್ಯದ ಹಾಗೆ ಕೇಳುತ್ತದೆ, ಮನಸ್ಸಿಗೆ ಹಿತ. ಹತ್ತೊಂಬತ್ತನೇ ವಯಸ್ಸಿನಲ್ಲಿ ಲಾರಿ ಕ್ಲೀನರ್ ಆಗಿದ್ದಾಗ ಹಿಡಿದದ್ದು, ಇಪ್ಪತ್ತೆರಡು ವರ್ಷ ಬಿಟ್ಟಿರಲಿಲ್ಲ. ಗಾಡಿ ತೆಗೆಯುವ ಮೊದಲು ಒಂದು, ಘಾಟಿ ಇಳಿದ ಮೇಲೆ ಒಂದು, ಮನೆಗೆ ಬಂದು ಎರಡು. "ಬ್ರಾಂದಿ ಕುಡಿದೋನು ಗಾಡಿ ಹಾರಿಸ್ತಾನೆ. ಸೊಪ್ಪು ಎಳೆದೋನಿಗೆ ಅರ್ಜೆಂಟೇ ಇರಲ್ಲ ಮಾರಾಯ" ಎಂಬುದು ಅವನ ವಾದ. ಅರ್ಜೆಂಟು ಇರಲಿಲ್ಲ, ನಿಜ. ನೆನಪೂ ಇರಲಿಲ್ಲ. ಒಮ್ಮೆ ಜಲಪಾತದ ಬಳಿ ಚಹಾಕ್ಕೆ ನಿಲ್ಲಿಸಿ, ಹೊಸ ಮದುಮಗನನ್ನು ಅಲ್ಲೇ ಬಿಟ್ಟು ಮದುಮಗಳನ್ನು ಮಾತ್ರ ಉಜಿರೆಗೆ ತಲುಪಿಸಿದ್ದ.

ವಾಂತಿ ಮೂರು ದಿನ ಬಂದು ನಿಂತಿತು. ಇಪ್ಪತ್ತು ದಿನ ಬಿಟ್ಟು ಮತ್ತೆ ಬಂತು. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿದ, ಜೀರಿಗೆ ಕಷಾಯ ಕುಡಿದ, ತಾಯಿತ ಕಟ್ಟಿಸಿಕೊಂಡ. ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿಗೆ ಪೈಪು ಇಳಿಸಿ ನೋಡಿ, ಎಲ್ಲ ಸರಿಯಿದೆ ಎಂದರು. ಅವನಿಗೆ ನೆಮ್ಮದಿ ಸಿಗುತ್ತಿದ್ದುದು ಒಂದೇ ಕಡೆ, ಬಚ್ಚಲಮನೆಯಲ್ಲಿ. ಹಂಡೆಯಿಂದ ಸುಡುವ ನೀರು ಮೊಗೆದು ಹೊಟ್ಟೆಗೆ, ಬೆನ್ನಿಗೆ ಸುರಿದುಕೊಳ್ಳುವಷ್ಟು ಹೊತ್ತು ಸಂಕಟ ತಡೆಯುತ್ತಿತ್ತು. ನಿಲ್ಲಿಸಿದರೆ ಮತ್ತೆ ಶುರು. ದಿನಕ್ಕೆ ಐದು, ಆರು, ಏಳು ಸ್ನಾನ. ಬೆನ್ನು ಕೆಂಪಾಗಿ ಬೊಬ್ಬೆ ಎದ್ದಿತು. ಹೆಂಡತಿ ರಂಜಿತಾ ಮಳೆಗಾಲಕ್ಕೆಂದು ಒಟ್ಟಿದ ಕಾಫಿ ಗಿಡದ ಸೌದೆ ಚಳಿಗಾಲದಲ್ಲೇ ಮುಗಿಯಿತು.

"ಎಮ್ಮೆ ಸಹ ಇಷ್ಟು ಹೊತ್ತು ನೀರಲ್ಲಿ ಬಿದ್ದಿರಲ್ಲ ಕಣೋ" ಎಂದು ತಾಯಿ ದ್ಯಾವಮ್ಮ ಹೊರಗಿನಿಂದ ಕೂಗುತ್ತಿದ್ದಳು. "ನಿನ್ನ ಮದುವೆ ದಿನ ಒಂದು ತಂಬಿಗೆ ಹುಯ್ಕೊಳಕ್ಕೆ ಮೂರು ಸಲ ಕರೀಬೇಕಾಯ್ತು!"

ಒಂದು ಬೆಳಿಗ್ಗೆ ಅವನು ಬಚ್ಚಲಲ್ಲೇ ತಲೆಸುತ್ತಿ ಬಿದ್ದ. ತಾಯಿ, ಹೆಂಡತಿ ಸೇರಿ ಮೂಡಿಗೆರೆಯ ಆಸ್ಪತ್ರೆಗೆ ಹಾಕಿದರು. ಅಲ್ಲಿದ್ದವರು ಮೇಘಶ್ರೀ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ರಿಪೋರ್ಟ್ ನೋಡಿದರು, ಬೆನ್ನು ನೋಡಿದರು.

"ಬಿಸಿನೀರು ಸುರ್ಕೊಂಡ್ರೆ ಕಡಿಮೆ ಆಗುತ್ತಾ?"

ಮೂವರೂ ಬಾಯಿ ಬಿಟ್ಟರು. "ಹೇಳದೆ ಹೆಂಗೆ ಗೊತ್ತಾಯ್ತವ್ವಾ? ಕವಡೆ ಹಾಕಿದ್ರಾ?" ಎಂದಳು ದ್ಯಾವಮ್ಮ.

"ಸೊಪ್ಪು ಎಷ್ಟು ವರ್ಷದಿಂದ?"

ಕಲ್ಲೇಶ್ ತಾಯಿಯ ಮುಖ ನೋಡಿ, "ಯಾವ ಸೊಪ್ಪು ಮೇಡಂ?" ಎಂದ.

"ಅರಿವೆ ಸೊಪ್ಪು" ಎಂದಳು ರಂಜಿತಾ. "ಇಪ್ಪತ್ತೆರಡು ವರ್ಷ, ಮೇಡಂ. ದಿನಕ್ಕೆ ನಾಲ್ಕು."

ಡಾಕ್ಟರು ಬಿಡಿಸಿ ಹೇಳಿದರು. ವರ್ಷಗಟ್ಟಲೆ ದಿನವೂ ಸೇದುವ ಕೆಲವರಿಗೆ ಹೀಗಾಗುತ್ತದೆ, ಎಲ್ಲರಿಗೂ ಅಲ್ಲ. ಬಿಸಿನೀರಿನ ಹುಚ್ಚೇ ಇದರ ಗುರುತು. ವಾಂತಿಯಿಂದ ಮೈಯ ನೀರೆಲ್ಲ ಹೋಗಿ ಕಿಡ್ನಿಗೆ ಪೆಟ್ಟು ಬಿದ್ದಿದೆ. ಈಗ ಡ್ರಿಪ್ ಹಾಕಿದರೆ ಸರಿಹೋಗಬಹುದು, ಪದೇ ಪದೇ ಆದರೆ ಸರಿಹೋಗುವುದಿಲ್ಲ.

"ಮೊಬೈಲಲ್ಲಿ ವಾಂತಿ ನಿಲ್ಲಕ್ಕೆ ಇದನ್ನೇ ಕೊಡ್ತಾರೆ ಅಂತ ಇತ್ತು. ಅದಕ್ಕೇ ನಾನು ಜಾಸ್ತಿ ಮಾಡ್ದೆ" ಎಂದ ಕಲ್ಲೇಶ್.

"ನಿಮಗೆ ಅದೇ ವಾಂತಿ ಮಾಡಿಸ್ತಿರೋದು."

"ಹಂಗಾದ್ರೆ ಕಮ್ಮಿ ಮಾಡ್ತೀನಿ."

"ಕಮ್ಮಿ ಅಲ್ಲ. ಪೂರ್ತಿ."

ವ್ಯಾನು ಮೂಡಿಗೆರೆಯ ವ್ಯಾಪಾರಿ ಶಾಂತವೀರಪ್ಪನವರದು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಆಸ್ಪತ್ರೆಗೆ ಬಂದವರು ಮೊದಲು ಕೇಳಿದ್ದು ಗಾಡಿಯ ಕೀ.

"ಶಿವನೇ ಸೇದ್ತಾನೆ ಸಾವ್ಕಾರ್ರೇ" ಎಂದ ಕಲ್ಲೇಶ್ ಮಲಗಿದಲ್ಲಿಂದಲೇ.

"ಶಿವ ಎತ್ತಿನ ಮೇಲೆ ಹೋಗ್ತಾನೆ ಕಣೋ. ಹಿಂದೆ ಹದಿನಾರು ಜನ ಕೂರ್ಸಿರಲ್ಲ. ಮೂರು ತಿಂಗಳು ಮುಟ್ಟದೆ ಇರು. ಡಾಕ್ಟ್ರು ಸೈ ಅಂದ್ರೆ ಕೀ ಕೊಡ್ತೀನಿ. ಇಲ್ಲಾಂದ್ರೆ ಬೇರೆ ಡ್ರೈವರ್ ಕಾಯಂ."

ಕಲ್ಲೇಶನಿಗೆ ಸ್ಟೀರಿಂಗ್ ಬಿಟ್ಟು ಬೇರೆ ಕೆಲಸ ಗೊತ್ತಿರಲಿಲ್ಲ. ಕಾಫಿ ಕೊಯ್ಯಲು ಹೋದರೆ ಹಣ್ಣು, ಕಾಯಿ, ಎಲೆ ಮೂರನ್ನೂ ಒಂದೇ ಬುಟ್ಟಿಗೆ ತುಂಬುವ ಪೈಕಿ. ಹಾಗಾಗಿ ಬಿಟ್ಟ.

ಬಿಟ್ಟ ಮೊದಲೆರಡು ವಾರ ಮನೆಯವರು ಪಟ್ಟ ಪಾಡಿಗೆ ಯಾರಾದರೂ ಅವರಿಗೆ ಸನ್ಮಾನ ಮಾಡಬೇಕಿತ್ತು. ನಿದ್ದೆಯಿಲ್ಲ, ಊಟ ಸೇರದು, ಚಳಿಯಲ್ಲೂ ಬೆವರು. ಕೋಳಿ ಕೂಗಿದರೆ ಕೋಳಿಯ ಜೊತೆ ಜಗಳ. ನಿದ್ದೆ ಬಂದ ಮೇಲೆ ಕನಸು. ಇಷ್ಟು ವರ್ಷ ಬೀಳದ ಕನಸುಗಳೆಲ್ಲ ಸಾಲುಗಟ್ಟಿ ನಿಂತಿದ್ದವೋ ಏನೋ, ಒಂದರ ಹಿಂದೆ ಒಂದು ನುಗ್ಗಿದವು. ವಾರಕ್ಕೊಮ್ಮೆ ಆಸ್ಪತ್ರೆಯ ಸಮಾಲೋಚಕಿಯ ಎದುರು ಕೂತು ಅವನ್ನೆಲ್ಲ ವಿವರವಾಗಿ ಹೇಳುತ್ತಿದ್ದ. ಆಕೆ ತಾಳ್ಮೆಯಿಂದ ಕೇಳಿ, ಇದೂ ಮೈ ಸರಿಹೋಗುವ ಲಕ್ಷಣವೇ, ಕ್ರಮೇಣ ಕಡಿಮೆಯಾಗುತ್ತದೆ ಎನ್ನುತ್ತಿದ್ದರು.

ಐದನೇ ವಾರ ವಾಂತಿ ಪೂರ್ತಿ ನಿಂತಿತ್ತು. ನಿಂತಿದೆಯಲ್ಲ ಎಂಬ ಧೈರ್ಯಕ್ಕೆ ಗೆಳೆಯ ವೆಂಕಟೇಶನ ಗ್ಯಾರೇಜಿನಲ್ಲಿ ಕೂತು ಒಂದು ದಮ್ಮು ಎಳೆದ. ಏನೂ ಆಗಲಿಲ್ಲ. ಮರುದಿನ ಎರಡು. ಹತ್ತನೇ ದಿನ ಮತ್ತೆ ಬಚ್ಚಲಮನೆ, ಮತ್ತೆ ಡ್ರಿಪ್.

ರಂಜಿತಾ ಬೈಯಲಿಲ್ಲ. ಅವನಿಗೆ ಹೆದರಿಕೆಯಾದದ್ದೇ ಆಗ. "ಇನ್ನು ನಾನು ಸೌದೆ ತರಲ್ಲ" ಎಂದಷ್ಟೇ ಹೇಳಿದಳು.

ಅವನೇ ಸಾಹುಕಾರರಿಗೆ ಫೋನ್ ಮಾಡಿ, ಮೂರು ತಿಂಗಳನ್ನು ಇವತ್ತಿನಿಂದ ಎಣಿಸಿ ಎಂದ. ಆ ಮೂರು ತಿಂಗಳಲ್ಲಿ ಎಂಟು ಕೆಜಿ ದಪ್ಪಗಾದ, ಬೆಳಗಿನ ಕಫದ ಕೆಮ್ಮು ನಿಂತಿತು, ಮಕ್ಕಳು ಯಾವ ಕ್ಲಾಸು ಎಂಬುದು ಬಾಯಿಗೆ ಬರತೊಡಗಿತು. ಕಿಡ್ನಿಯ ರಿಪೋರ್ಟು ನೆಟ್ಟಗಾಯಿತು. ಡಾಕ್ಟರು ಸೈ ಎಂದರು. ಕೀ ಕೈಗೆ ಬಂತು.

ಮೊದಲ ಟ್ರಿಪ್ಪಿಗೆ ರಂಜಿತಾ ಮುಂದಿನ ಸೀಟಿನಲ್ಲಿ ಕೂತಳು. ನಂಬಿಕೆಯಿಂದ ಅಲ್ಲ, ಕಾವಲಿಗೆ. ಮಂಜು ಸರಿದಿತ್ತು. ಘಾಟಿಯ ಮೊದಲ ದೊಡ್ಡ ತಿರುವಿಗೆ ಬಂದವನು ಗಕ್ಕನೆ ಬ್ರೇಕ್ ಹಾಕಿ ನಿಲ್ಲಿಸಿದ.

"ಯಾಕ್ರೀ?"

"ರಂಜಿತಾ, ಇಲ್ಲಿ ಇಷ್ಟು ಆಳ ಇತ್ತೇನೆ?"

"ನಾನು ಹುಟ್ಟಿದಾಗಿಂದ ಇದೆ."

ಕಲ್ಲೇಶ್ ಹ್ಯಾಂಡ್ ಬ್ರೇಕನ್ನೂ ಎಳೆದ. ಕ್ಲೀನರ್ ಆಗಿದ್ದ ಕಾಲದಿಂದಲೂ ಅವನು ಸೊಪ್ಪಿಲ್ಲದೆ ಈ ಘಾಟಿಯನ್ನು ಒಮ್ಮೆಯೂ ಇಳಿದಿರಲಿಲ್ಲ. ಕೆಳಗೆ ಕಣಿವೆ, ಅದರ ಕೆಳಗೆ ಕಾಡು, ಅದರ ಕೆಳಗೆ ನೂಲಿನ ಹಾಗೆ ಹೊಳೆ. ಎರಡು ದಮ್ಮು ಎಳೆದರೆ ಇದೆಲ್ಲ ಮತ್ತೆ ಬರೀ ರಸ್ತೆಯಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ವೆಂಕಟೇಶನ ಗ್ಯಾರೇಜ್ ಬಂದ ದಾರಿಯಲ್ಲೇ ಎರಡು ಮೈಲಿ ಹಿಂದಿತ್ತು. ಹಿಂದಿನಿಂದ ಲಾರಿ ಹಾರ್ನ್ ಹೊಡೆಯಿತು. ಹಿಂದಿನ ಸೀಟಿನಿಂದ ಯಾರೋ "ಡೀಸೆಲ್ ಖಾಲಿಯಾ?" ಎಂದರು.

ಕಲ್ಲೇಶ್ ಹಿಂದಕ್ಕೆ ತಿರುಗಿದ. "ನೋಡಿ, ನನಗೆ ಹೆದರಿಕೆ ಆಗ್ತಿದೆ. ಆಮೆ ಥರ ಹೋಗ್ತೀನಿ. ಅರ್ಜೆಂಟ್ ಇರೋರು ಇಲ್ಲೇ ಇಳೀರಿ, ಹಿಂದೆ ಬಸ್ಸಿದೆ."

ಇಬ್ಬರು ಬೈಯುತ್ತಾ ಇಳಿದರು. ಉಜಿರೆಗೆ ಮಗಳ ಮನೆಗೆ ಹೊರಟಿದ್ದ ಕೃಷ್ಣಮ್ಮ ಎಂಬ ಮುದುಕಿ ಮಾತ್ರ, "ನಾವು ಅರವತ್ತು ವರ್ಷದಿಂದ ಹೆದರ್ಕೊಂಡೇ ಕೂತಿದೀವಿ. ಡ್ರೈವರ್ರೂ ಜೊತೆಗೆ ಸೇರಿದ್ದು ಒಳ್ಳೇದೇ ಆಯ್ತು, ನಡಿ ಮಗಾ" ಎಂದಳು.

ಎರಡನೇ ಗೇರಿನಲ್ಲಿ ಇಳಿಸಿದ. ಪ್ರತಿ ತಿರುವಿನಲ್ಲೂ ಹಾರ್ನ್, ಪ್ರತಿ ಹಾರ್ನಿಗೂ ಒಂದು ದೇವರ ಹೆಸರು. ಲಾರಿಯವನು ಮುಂದೆ ಹೋಗುವಾಗ ಅವನ ಅಪ್ಪನನ್ನೂ ಅಜ್ಜನನ್ನೂ ವಿಚಾರಿಸಿಕೊಂಡು ಹೋದ. ಒಂದೂಕಾಲು ಗಂಟೆಯ ದಾರಿಗೆ ಎರಡೂವರೆ ಗಂಟೆ ಹಿಡಿಯಿತು. ಉಜಿರೆಯಲ್ಲಿ ಜನ ಇಳಿದ ಮೇಲೆ ಅವನ ಅಂಗಿ ಹಿಂಡಿದರೆ ನೀರು ಬರುವಂತಿತ್ತು.

"ವಾಪಸ್ ಹತ್ತೋದು ಬಾಕಿ ಇದೆ" ಎಂದಳು ರಂಜಿತಾ.

"ಹತ್ತೋವಾಗ ಪರವಾಗಿಲ್ಲ. ಆಳ ಹಿಂದೆ ಬಿದ್ದಿರ್ತದೆ, ಕಾಣಲ್ಲ."

"ಕನ್ನಡಿಲಿ ಕಾಣ್ತದೆ."

ಕಲ್ಲೇಶ್ ಕನ್ನಡಿಗೆ ಕೈ ಹಾಕಿದ. ಮೇಲಕ್ಕೆ ತಿರುಗಿಸಿದ, ಆಕಾಶ ಕಂಡಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಮತ್ತೆ ಕೆಳಕ್ಕೆ, ಹಿಂದಿನ ರಸ್ತೆ ಪೂರ್ತಿ ಕಾಣುವ ಹಾಗೆ ಸರಿಮಾಡಿ ಗಾಡಿ ತೆಗೆದ.